ಬೀಗ ಒಡೆದ ಸಿಡಿಗಳ ಕಾಲ

2000ರ ನಂತರದ ವರ್ಷಗಳಲ್ಲಿ ಶಿವಮೊಗ್ಗ, ಭದ್ರಾವತಿಯಂಥ ಊರುಗಳ ಹುಡುಗರಿಗೆ ಕಂಪ್ಯೂಟರ್ ಆಟ ಎಂದರೆ ಸೈಬರ್ ಕೆಫೆ ಮತ್ತು ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಸಿಡಿ. ರೋಡ್ ರಾಶ್, ಐಜಿಐ, ವೈಸ್ ಸಿಟಿ ಕೈಯಿಂದ ಕೈಗೆ ದಾಟುತ್ತಿದ್ದವು. ಅಸಲಿ ಡಬ್ಬಿ ಕಂಡವರು ವಿರಳ.

ಆ ಸಿಡಿಗಳಲ್ಲಿ ಹೆಚ್ಚಾಗಿ ‘ಕ್ರ್ಯಾಕ್’ ಎಂಬ ಫೋಲ್ಡರ್ ಇರುತ್ತಿತ್ತು. ಆಟ ಇನ್‌ಸ್ಟಾಲ್ ಮಾಡಿ, ಅದರೊಳಗಿನ ಫೈಲನ್ನು ಮೂಲ ಫೈಲಿನ ಜಾಗಕ್ಕೆ ಪೇಸ್ಟ್ ಮಾಡಿದರೆ ಮುಗಿಯಿತು. 2003ರಲ್ಲಿ ಪಿಸಿಗೆ ಬಂದ ವೈಸ್ ಸಿಟಿಗೆ ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗದ ಕಾವಲಿತ್ತು. ಸಾಮಾನ್ಯ ಸಿಡಿ ರೈಟರ್ ನಕಲು ಮಾಡಲಾಗದ ಗುರುತೊಂದು ಅಸಲಿ ಸಿಡಿಯಲ್ಲಿರುತ್ತಿತ್ತು. ಆಟ ಶುರುವಾಗುವ ಮುನ್ನ ಸೇಫ್‌ಡಿಸ್ಕ್ ಅದನ್ನು ಹುಡುಕುತ್ತಿತ್ತು. ಕ್ರ್ಯಾಕ್ ಆ ತಪಾಸಣೆಯನ್ನೇ ಕಿತ್ತುಹಾಕುತ್ತಿತ್ತು.

ಇಂಥ ಬೀಗ ಒಡೆಯುವ ಗುಂಪುಗಳಲ್ಲಿ ಹೆಸರಾದ ರೇಜರ್ 1911 ಹುಟ್ಟಿದ್ದು 1985ರಲ್ಲಿ, ನಾರ್ವೆಯಲ್ಲಿ. ಐಜಿಐ ತಯಾರಾದದ್ದೂ ಅದೇ ದೇಶದ ಇನ್ನರ್‌ಲೂಪ್ ಸ್ಟುಡಿಯೋದಲ್ಲಿ. ಮಲೆನಾಡಿನ ಹುಡುಗರು ಆ ಆಟವನ್ನು ಮನಸಾರೆ ಮೆಚ್ಚಿದರು. ನಕಲಿ ಸಿಡಿಗೆ ಕೊಟ್ಟ ದುಡ್ಡು ಮಾತ್ರ ಅದನ್ನು ಮಾಡಿದವರಿಗೆ ಸೇರಲಿಲ್ಲ. ಅದು ಅನ್ಯಾಯವೇ.

ಕಾನೂನು ಇರಲಿಲ್ಲವೆಂದಲ್ಲ. ನಕಲಿ ತಂತ್ರಾಂಶವೆಂದು ಗೊತ್ತಿದ್ದೂ ಬಳಸುವುದನ್ನು ಭಾರತದ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಅಪರಾಧವಾಗಿಸಿದ್ದು 1994ರ ತಿದ್ದುಪಡಿಯಲ್ಲಿ. 2012ರಲ್ಲಿ ಬಂದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದವರಿಗೆ 2 ವರ್ಷದವರೆಗೆ ಜೈಲು ವಿಧಿಸಿತು.

ಆದರೆ ಕೊನೆಗೆ ಆ ಬೀಗ ಅಸಲಿ ಕೊಂಡವರಿಗೂ ಅಡ್ಡಿಯಾಯಿತು. 2015ರಲ್ಲಿ ಬಂದ ವಿಂಡೋಸ್ 10 ಸೇಫ್‌ಡಿಸ್ಕ್‌ಗೆ ಬೇಕಾದ ಡ್ರೈವರನ್ನೇ ಕೈಬಿಟ್ಟಿತು. ಪೂರ್ತಿ ಬೆಲೆ ತೆತ್ತು ಅಸಲಿ ಸಿಡಿ ಕೊಂಡವರ ಆಟವೂ ಅದರಲ್ಲಿ ನೇರವಾಗಿ ತೆರೆಯದಾಯಿತು.