ಕಾದ ಹೊತ್ತಿನ ಲೆಕ್ಕ

ವರ್ಚುವಲ್ ಮಷಿನ್ನುಗಳ (ವಿಎಂ) ಕಾಲ ಮುಗಿಯಿತು ಎನ್ನುವುದು ಈಗ ನಮ್ಮ ವೃತ್ತಿಯಲ್ಲಿ ಜಾಣರ ಮಾತಾಗಿದೆ. ಕಂಟೇನರ್, ಟ್ರೇಸಿಂಗ್, ಅಬ್ಸರ್ವಬಿಲಿಟಿ ಎಂಬ ಮೂರು ಪದ ಬಲ್ಲವರಿಗೆ ಸಿಪಿಯು, ಮೆಮೊರಿ, ಡಿಸ್ಕುಗಳ ಅಂಕಿ ನೋಡುತ್ತ ಕೂರುವವರು ಕಾಲ ಸಂದವರಾಗಿ ಕಾಣುತ್ತಾರೆ. ಆದರೆ ಕಾರ್ಖಾನೆಯ ಸಂಬಳದ ಪಟ್ಟಿ ತಯಾರಾಗುವುದು, ಗೋದಾಮಿನ ದಾಸ್ತಾನು ತಾಳೆಯಾಗುವುದು, ಬ್ಯಾಂಕಿನ ದಿನದ ಲೆಕ್ಕ ಮುಗಿಯುವುದು ಇವತ್ತಿಗೂ ಬಹುಮಟ್ಟಿಗೆ ವಿಎಂಗಳ ಮೇಲೆಯೇ. ಬಾಡಿಗೆ ಕ್ಲೌಡ್‌ನಲ್ಲಿ ಓಡುವ ಕಂಟೇನರುಗಳ ಅಡಿಯಲ್ಲೂ ಸಾಮಾನ್ಯವಾಗಿ ಒಂದು ವಿಎಂ ಇದ್ದೇ ಇರುತ್ತದೆ. ವಿಎಂಗಳ ಮೇಲೆ ನಿಗಾ ಇಡುವ ವಿದ್ಯೆ ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ ಎಂದು ಬರೆದಿಡುವವರು ಕಡಿಮೆಯಾಗಿದ್ದಾರೆ. ಬರೆದದ್ದರಲ್ಲಿ ಬಹುಪಾಲು ಉಪಕರಣ ಮಾರುವವರದು.

ಮೊದಲ ಅಧ್ಯಾಯವನ್ನು ಬೇಗ ಹೇಳಿ ಮುಗಿಸಬಹುದು. ಐಬಿಎಂ 1972ರಲ್ಲಿ ವಿಎಂ/370 ಪ್ರಕಟಿಸಿತು. ಒಂದು ಮೇನ್‌ಫ್ರೇಮನ್ನು ಹಲವು ಯಂತ್ರಗಳಾಗಿ ಹಂಚಿಕೊಡುವ ವ್ಯವಸ್ಥೆ ಅದು. ಮೇನ್‌ಫ್ರೇಮಿನ ಸಮಯ ದುಬಾರಿಯಾಗಿದ್ದರಿಂದ ಯಾವ ಇಲಾಖೆ ಎಷ್ಟು ಬಳಸಿತು ಎಂದು ಲೆಕ್ಕ ಹಾಕಿ ಬಿಲ್ ಕಳಿಸಬೇಕಿತ್ತು. ನಮ್ಮ ಅಳತೆಗಳು ಹುಟ್ಟಿದ್ದು ಆ ಬಿಲ್ಲಿನಲ್ಲಿ. ಎಷ್ಟು ಬಳಕೆಯಾಯಿತು ಎಂದು ಮೊದಲು ಕೇಳುವ ಅಭ್ಯಾಸ ಇನ್ನೂ ಬಿಟ್ಟುಹೋಗಿಲ್ಲ. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಬಂಧದಲ್ಲಿ ವರ್ಚುವಲ್ ಮಷಿನ್ನಿನ ಷರತ್ತುಗಳನ್ನು ವಿಧಿಸಿದರು. ವಿಎಂ ಒಳಗೆ ಓಡುವ ಪ್ರೋಗ್ರಾಂ ನಿಜವಾದ ಯಂತ್ರದ ಮೇಲೆ ಓಡಿದಂತೆಯೇ ವರ್ತಿಸಬೇಕು. ಸಮಯದ ವ್ಯತ್ಯಾಸ ಮತ್ತು ಸಂಪನ್ಮೂಲದ ಲಭ್ಯತೆಯ ವ್ಯತ್ಯಾಸಕ್ಕೆ ಮಾತ್ರ ವಿನಾಯಿತಿ. ವರ್ಚುವಲೈಸೇಶನ್ ಪಾಠ ಮಾಡುವವರೆಲ್ಲ ಈ ಷರತ್ತನ್ನು ಹೇಳುತ್ತಾರೆ, ವಿನಾಯಿತಿಯನ್ನು ಹಾರಿಸುತ್ತಾರೆ. ನಮ್ಮ ಕಸುಬು ಪೂರ್ತಿಯಾಗಿ ಆ ವಿನಾಯಿತಿಯೊಳಗೆ ನಡೆಯುತ್ತದೆ.

ಮುಂದಿನ ಎರಡು ದಶಕ ವ್ಯವಹಾರ ತಂತ್ರಾಂಶ ಯುನಿಕ್ಸ್ ಸರ್ವರುಗಳಿಗೆ ಇಳಿಯಿತು. ಒಂದು ಯಂತ್ರಕ್ಕೆ ಒಂದು ಅಪ್ಲಿಕೇಶನ್. ಅಳೆಯಲು ಸಾರ್, ವಿಎಂಸ್ಟ್ಯಾಟ್ ಎಂಬ ಆದೇಶಗಳಿದ್ದರೆ ಆಯಿತು. 1995ರ ಎಂಆರ್‌ಟಿಜಿ ಐದು ನಿಮಿಷದ ಸರಾಸರಿಯನ್ನು ಹಸಿರು ಗ್ರಾಫಾಗಿ ಬರೆದು ಜಗತ್ತಿಗೆಲ್ಲ ಅದೇ ರೂಢಿ ಮಾಡಿಸಿತು. ನಾಗಿಯೋಸ್, ಝ್ಯಾಬಿಕ್ಸ್, ಕ್ಯಾಕ್ಟೈಗಳು ಮುಂದಿನ ಕೆಲವು ವರ್ಷಗಳಲ್ಲಿ ಬಂದವು. ಉಪಕಾರಿಗಳೇ, ಆದರೆ ಯೋಚನೆಯಲ್ಲಿ ಹೊಸದೇನೂ ಇರಲಿಲ್ಲ.

ಹೊಸ ಯೋಚನೆ ಬಂದದ್ದು ಡೇಟಾಬೇಸಿನ ಕಡೆಯಿಂದ. ಆರಕಲ್ ತನ್ನ ಏಳನೇ ಆವೃತ್ತಿಯ ಹೊತ್ತಿಗೆ ಪ್ರತಿ ಸೆಶನ್ ಯಾವುದಕ್ಕಾಗಿ ಎಷ್ಟು ಹೊತ್ತು ಕಾಯಿತು ಎಂಬುದನ್ನು ದಾಖಲಿಸುವ ವೇಟ್ ಇವೆಂಟುಗಳನ್ನು ತಂದಿತ್ತು. ಆನ್ಯೊ ಕೋಲ್ಕ್ ಅವುಗಳಿಂದ ಒಂದು ಪದ್ಧತಿ ಕಟ್ಟಿದರು. ಕ್ಯಾರಿ ಮಿಲ್‌ಸ್ಯಾಪ್ ಮತ್ತು ಜೆಫ್ ಹೋಲ್ಟ್ 2003ರಲ್ಲಿ ಪುಸ್ತಕ ಬರೆದು ಅದನ್ನು ಬೆಳೆಸಿದರು. ಬಳಕೆದಾರನಿಗೆ ಎಂಟು ಸೆಕೆಂಡು ಹಿಡಿಯಿತೇ? ಹಾಗಾದರೆ ಆ ಎಂಟರಲ್ಲಿ ಕೆಲಸದ ಹೊತ್ತೆಷ್ಟು, ಕಾದ ಹೊತ್ತೆಷ್ಟು, ಯಾರಿಗಾಗಿ ಕಾದದ್ದು ಎಂದು ಬಿಡಿಸಿ ಬರೆಯಿರಿ. ಮಿಕ್ಕ ಅಂಕಿಗಳನ್ನು ಆಮೇಲೆ ನೋಡೋಣ. ನಾನು ಕಲಿತದ್ದು ಈ ಶಾಲೆಯಲ್ಲಿ. ಇಂದಿಗೂ ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಕಂಡಿಲ್ಲ, ಹಾಗಾಗಿ ಮುಂದಿನ ಮಾತುಗಳಲ್ಲಿ ಪಕ್ಷಪಾತ ಕಂಡರೆ ಅದು ಇದ್ದೇ ಇದೆ.

ಈ ಪದ್ಧತಿ ಗಟ್ಟಿಯಾಗುವ ಹೊತ್ತಿಗೆ ನೆಲವೇ ಬದಲಾಯಿತು. ವಿಎಂವೇರ್ 2001ರಲ್ಲಿ ಒಂದು ಸರ್ವರನ್ನು ಹಲವು ವಿಎಂಗಳಾಗಿ ಹಂಚುವ ಇಎಸ್‌ಎಕ್ಸ್ ಸರ್ವರ್ ಎಂಬ ಹೈಪರ್‌ವೈಸರ್ ತಂದಿತು. 2003ರಲ್ಲಿ ಓಡುತ್ತಿರುವ ವಿಎಂ ಅನ್ನು ಒಂದು ಹೋಸ್ಟಿನಿಂದ, ಅಂದರೆ ಭೌತಿಕ ಯಂತ್ರದಿಂದ, ಇನ್ನೊಂದಕ್ಕೆ ಸಾಗಿಸುವ ವಿಮೋಶನ್ ಬಂತು. ಅದೇ ವರ್ಷ ಕೇಂಬ್ರಿಜ್‌ನಿಂದ ಝೆನ್ ಎಂಬ ಇನ್ನೊಂದು ಹೈಪರ್‌ವೈಸರ್. ಮುಂದಿನ ಏಳೆಂಟು ವರ್ಷ ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ರಾತ್ರಿ ಪಾಳಿ ಮಾಡಿದ ನಮ್ಮ ತಲೆಮಾರಿಗೆ ಒಂದೇ ಕೆಲಸ: ಅಮೆರಿಕ, ಯೂರೋಪಿನ ಕಂಪನಿಗಳ ನೂರಾರು ಸರ್ವರುಗಳನ್ನು ಕೆಲವೇ ಹೋಸ್ಟುಗಳ ಮೇಲೆ ಕೂರಿಸುವುದು, ಬೆಳಿಗ್ಗೆ ನಿಧಾನವಾಯಿತೆಂದು ಬಂದ ಟಿಕೆಟ್‌ಗಳಿಗೆ ಉತ್ತರ ಹೇಳುವುದು.

ನಮಗೆ ಗೊತ್ತಿದ್ದ ಅಳತೆಗಳೆಲ್ಲ ಆಗ ಸುಳ್ಳಾಡತೊಡಗಿದವು. ವಿಎಂ ಒಳಗಿನ ಗೆಸ್ಟ್ ಆಪರೇಟಿಂಗ್ ಸಿಸ್ಟಂ ಆಗ ಟೈಮರಿನ ಟಿಕ್ ಎಣಿಸಿ ಹೊತ್ತು ತಿಳಿಯುತ್ತಿತ್ತು. ಹೈಪರ್‌ವೈಸರ್ ಅದನ್ನು ಸಿಪಿಯುವಿನಿಂದ ಇಳಿಸಿದ ಗಳಿಗೆಯಲ್ಲಿ ಟಿಕ್ ಬರುತ್ತಿರಲಿಲ್ಲ, ಆಮೇಲೆ ಒಟ್ಟಿಗೆ ಬಂದು ಬೀಳುತ್ತಿದ್ದವು. ಆದ್ದರಿಂದ ಗೆಸ್ಟ್ ಒಳಗೆ ಸಿಪಿಯು ಶೇಕಡ 40 ಎಂದು ಕಂಡರೂ ಜನ ಪರದೆಯ ಮುಂದೆ ಕಾಯುತ್ತಿರಬಹುದು. ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ವರದಿಯಲ್ಲಿ ಲಾಗ್ ಫೈಲ್ ಸಿಂಕ್ ಎಂಬ ಕಾಯುವಿಕೆ ಏರಿರುತ್ತದೆ. ಆತ ಸ್ಟೋರೇಜ್ ತಂಡವನ್ನು ದೂರುತ್ತಾನೆ, ಅವರು ಡಿಸ್ಕ್ ಚೆನ್ನಾಗಿದೆ ಎಂದು ಗ್ರಾಫ್ ಕಳಿಸುತ್ತಾರೆ. ಇಬ್ಬರದೂ ತಪ್ಪಲ್ಲ: ಲಾಗ್ ಬರೆಯಬೇಕಾದ ಪ್ರಾಸೆಸ್‌ಗೆ ಭೌತಿಕ ಸಿಪಿಯು ಸಿಕ್ಕಿಲ್ಲ, ಆ ಸಂಗತಿ ಇಬ್ಬರ ಉಪಕರಣದಲ್ಲೂ ಕಾಣುವುದಿಲ್ಲ.

ಕಾಣುತ್ತಿದ್ದದ್ದು ಹೋಸ್ಟಿನ ಇಎಸ್‌ಎಕ್ಸ್‌ಟಾಪ್ ಪರದೆಯಲ್ಲಿ, ರೆಡಿ ಎಂಬ ಕಾಲಂನಲ್ಲಿ. ಓಡಲು ತಯಾರಿದ್ದೂ ಭೌತಿಕ ಸಿಪಿಯು ಸಿಗದೆ ವಿಸಿಪಿಯು, ಅಂದರೆ ವಿಎಂಗೆ ಕೊಟ್ಟ ವರ್ಚುವಲ್ ಸಿಪಿಯು, ಕಾದ ಹೊತ್ತು ಅದು. ನಮ್ಮ ವೇಟ್ ಇವೆಂಟಿನ ಅಣ್ಣತಮ್ಮ. ವಿಎಂವೇರ್‌ನ ನಿರ್ವಹಣಾ ತಂತ್ರಾಂಶ ವಿಸೆಂಟರ್ ಇದನ್ನು 20 ಸೆಕೆಂಡಿಗೊಮ್ಮೆ ಮಿಲಿಸೆಕೆಂಡುಗಳಲ್ಲಿ ಕೂಡಿಸಿ ತೋರಿಸುತ್ತಿತ್ತು. ಒಂದು ವಿಸಿಪಿಯುಗೆ 1,000 ಮಿಲಿಸೆಕೆಂಡು ಎಂದರೆ ಶೇಕಡ 5. ಅದೇ ಶೇಕಡ 5 ದಿನದ ಗ್ರಾಫಿನಲ್ಲಿ 15,000 ಆಗಿ ಕಾಣುತ್ತದೆ, ಏಕೆಂದರೆ ಅಲ್ಲಿನ ಅವಧಿ 300 ಸೆಕೆಂಡು. ಈ ಭಾಗಾಕಾರ ಮಾಡದೆ ಗಾಬರಿಯಾದವರೂ ನಿಶ್ಚಿಂತರಾದವರೂ ಸಮನಾದ ಸಂಖ್ಯೆಯಲ್ಲಿದ್ದರು. ಶೇಕಡ 5 ದಾಟಿದರೆ ಗಮನಿಸು, 10 ದಾಟಿದರೆ ಎದ್ದು ಓಡು ಎಂಬ ನಿಯಮ ಬಾಯಿಂದ ಬಾಯಿಗೆ ಹರಡಿತು. ಒರಟು ನಿಯಮವೇ, ಕೆಲಸಕ್ಕೆ ಬಂತು.

ವಿಸಿಪಿಯುಗಳ ದುರಾಸೆಯೂ ಅದೇ ಕಾಲದ್ದು. ತಂತ್ರಾಂಶ ಮಾರುವವರ ಸೈಜಿಂಗ್ ಪಟ್ಟಿಯಲ್ಲಿ ಎಂಟು ಕೋರ್ ಎಂದಿದ್ದರೆ ಎಂಟು ವಿಸಿಪಿಯು ಕೊಡುವುದು. ಆ ಪಟ್ಟಿ ಬರೆದವರು ಹಾರ್ಡ್‌ವೇರ್ ಮಾರುವವರ ಪಕ್ಕದಲ್ಲೇ ಕೂರುತ್ತಾರೆ ಎಂಬುದು ಬೇರೆ ಮಾತು. ಮೊದಲ ಇಎಸ್‌ಎಕ್ಸ್‌ಗಳಲ್ಲಿ ಒಂದು ವಿಎಂನ ಎಲ್ಲ ವಿಸಿಪಿಯುಗಳಿಗೂ ಜತೆಯಲ್ಲೇ ಜಾಗ ಸಿಗಬೇಕಿತ್ತು. ಮದುವೆ ಮನೆಯಲ್ಲಿ ಎಂಟೂ ಮಂದಿ ಒಂದೇ ಪಂಕ್ತಿಗೆ ಕೂರಬೇಕೆಂದು ಹಟ ಹಿಡಿದ ಕುಟುಂಬ ಬಾಗಿಲಲ್ಲೇ ನಿಂತಿರುವಾಗ ಇಬ್ಬರೇ ಬಂದವರು ಊಟ ಮುಗಿಸಿ ಹೋಗುತ್ತಾರಲ್ಲ, ಹಾಗೆ. 2006ರ ಇಎಸ್‌ಎಕ್ಸ್ 3 ಈ ನಿಯಮವನ್ನು ಸಡಿಲಿಸಿತು, ತೆಗೆದುಹಾಕಲಿಲ್ಲ; ಉಳಿದ ಕಾಯುವಿಕೆಗೆ ಕೋ-ಸ್ಟಾಪ್ ಎಂಬ ಬೇರೆ ಕಾಲಂ ಇದೆ. ಎಂಟರಿಂದ ನಾಲ್ಕಕ್ಕೆ ಇಳಿಸಿದರೆ ತಂತ್ರಾಂಶ ಚುರುಕಾಗುತ್ತದೆ ಎಂದು ಗ್ರಾಹಕರನ್ನು ಒಪ್ಪಿಸುವುದು ಆ ದಿನಗಳ ಅತ್ಯಂತ ಕಷ್ಟದ ಕೆಲಸವಾಗಿತ್ತು.

ಮೆಮೊರಿಯ ಕಡೆ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ಬರೆದ ಪ್ರಬಂಧ ಬಲೂನ್ ತಂತ್ರವನ್ನು ವಿವರಿಸಿತು: ಹೋಸ್ಟಿಗೆ ಕೊರತೆಯಾದಾಗ ಗೆಸ್ಟ್ ಒಳಗೆ ಒಂದು ಡ್ರೈವರ್ ಮೆಮೊರಿ ಹಿಡಿದುಕೊಂಡು ಹಿಂದಿರುಗಿಸುತ್ತದೆ. ಎಲ್ಲ ಮೆಮೊರಿಯನ್ನೂ ಕ್ಯಾಶ್ ಆಗಿ ಬಳಸುವ ಡೇಟಾಬೇಸಿಗೆ, ದೊಡ್ಡ ಹೀಪ್ ಇರುವ ಜಾವಾಗೆ ಇದು ಮಾರಕ. ಡಿಸ್ಕಿನ ವಿಳಂಬವನ್ನು ಸ್ಟೋರೇಜಿನಲ್ಲಿ ಆದದ್ದು, ಹೈಪರ್‌ವೈಸರ್ ಸಾಲಿನಲ್ಲಿ ಆದದ್ದು ಎಂದು ಎರಡಾಗಿ ಬಿಡಿಸುವ ಕಾಲಂಗಳೂ ಇಎಸ್‌ಎಕ್ಸ್‌ಟಾಪ್‌ನಲ್ಲೇ ಇದ್ದವು. ಇತರರೂ ಸುಮ್ಮನಿರಲಿಲ್ಲ. ಐಬಿಎಂ 2004ರ ಪವರ್5 ಪ್ರೊಸೆಸರಿನಲ್ಲಿ ಸಿಪಿಯು ಹೊತ್ತಿನ ಲೆಕ್ಕಕ್ಕಾಗಿಯೇ ಒಂದು ರಿಜಿಸ್ಟರ್ ಇಟ್ಟಿತು. ಲಿನಕ್ಸ್‌ಗೆ 2.6.11ನೇ ಕರ್ನಲ್‌ನಿಂದ, ಹೈಪರ್‌ವೈಸರ್ ಕಸಿದ ಹೊತ್ತನ್ನು ಹೇಳುವ ಸ್ಟೀಲ್ ಎಂಬ ಅಂಕಿ ಸೇರಿತು. ಹೈಪರ್-ವಿ ತನ್ನದೇ ಕೌಂಟರುಗಳನ್ನು ಕೊಟ್ಟಿತು, ಆದರೆ ವಿಂಡೋಸ್ ಅಡ್ಮಿನ್‌ಗಳು ಹಳೇ ಟಾಸ್ಕ್ ಮ್ಯಾನೇಜರನ್ನೇ ನಂಬುತ್ತ ಉಳಿದರು.

ಈ ಚರಿತ್ರೆಯಲ್ಲಿ ನನಗೆ ಹೆಚ್ಚು ಗೌರವವಿರುವುದು ಎಸ್‌ಎಪಿ ಹಿಡಿದ ಹಟದ ಮೇಲೆ. ವಿಎಂ ಮೇಲೆ ಓಡಿಸುವುದಾದರೆ ಹೋಸ್ಟಿನ ಅಂಕಿಗಳು ಗೆಸ್ಟ್ ಒಳಗೆ, ತನ್ನ ಎಸ್‌ಟಿ06 ಎಂಬ ನಿಗಾ ಪರದೆಯಲ್ಲಿ ಕಾಣಬೇಕು, ಆಗ ಮಾತ್ರ ಪೂರ್ತಿ ಬೆಂಬಲ ಎಂದಿತು. ಅಪ್ಲಿಕೇಶನ್ ಬರೆದವರೇ ತಳದ ಮಾಹಿತಿಯನ್ನು ಹಕ್ಕಿನಿಂದ ಕೇಳಿದ ಅಪರೂಪದ ಪ್ರಸಂಗ ಇದು. ವಿಎಂವೇರ್‌ನಲ್ಲಿ ಅದಕ್ಕೆ ಹೋಸ್ಟಿನಲ್ಲೊಂದು, ವಿಎಂನಲ್ಲೊಂದು, ಒಟ್ಟು ಎರಡೇ ಸೆಟ್ಟಿಂಗ್ ಬೇಕು. ವಿಎಂವೇರ್‌ನದೇ ಭದ್ರತಾ ಕೈಪಿಡಿ ಆ ಎರಡನೆಯದನ್ನು ಆಫ್ ಮಾಡಿಡಿ ಎನ್ನುತ್ತಿತ್ತು. ಹೀಗಾಗಿ ಒಂದು ಆಡಿಟ್‌ನಲ್ಲಿ ಹಾಕಿಸಿದ್ದನ್ನು ಮುಂದಿನ ಆಡಿಟ್ ತೆಗೆಸಿದ ಸಂಸ್ಥೆಗಳನ್ನು ನೋಡಿದ್ದೇನೆ. ಎಸ್‌ಎಪಿ ಮುಂದೆ ಕ್ಲೌಡ್‌ನವರನ್ನೂ ಬಿಡಲಿಲ್ಲ. ಅಮೆಜಾನ್, ಅಜೂರ್ ಎರಡೂ ಅದಕ್ಕಾಗಿ ಪ್ರತ್ಯೇಕ ಡೇಟಾ ಏಜೆಂಟ್ ಒದಗಿಸಿವೆ. ಉಳಿದ ತಂತ್ರಾಂಶ ಕಂಪನಿಗಳು, ನಮ್ಮ ದೇಶದವೂ ಸೇರಿ, ಇಂಥ ಷರತ್ತು ಹಾಕಿದ್ದನ್ನು ನಾನು ಕಂಡಿಲ್ಲ.

2008ರಿಂದ ಗಾಳಿ ಬೇರೆ ಕಡೆ ಬೀಸಿತು. ವೈಲಿ ಟೆಕ್ನಾಲಜಿ ಕಟ್ಟಿದ್ದ ಲ್ಯೂ ಸರ್ನ್ ನ್ಯೂ ರೆಲಿಕ್ ಶುರುಮಾಡಿದರು, ಜ್ಯೋತಿ ಬನ್ಸಾಲ್ ಆ್ಯಪ್‌ಡೈನಾಮಿಕ್ಸ್. ಕೋಡಿನೊಳಗೇ ಏಜೆಂಟ್ ಇಟ್ಟು ಪ್ರತಿ ರಿಕ್ವೆಸ್ಟನ್ನು ಹಿಂಬಾಲಿಸುವ ಈ ಉಪಕರಣಗಳು, 2010ರ ಗೂಗಲ್ ಡ್ಯಾಪರ್ ಪ್ರಬಂಧ, ಅಲ್ಲಿಂದ ಬೆಳೆದು 2019ರಲ್ಲಿ ಒಂದುಗೂಡಿದ ಓಪನ್‌ಟೆಲಿಮೆಟ್ರಿ, ಇವೆಲ್ಲ ನಿಜವಾದ ಸಾಧನೆ. ಬಳಕೆದಾರನ ಹೊತ್ತಿನಿಂದ ಹೊರಡಬೇಕು ಎಂಬ ನಮ್ಮ ಶಾಲೆಯ ಮಾತನ್ನೇ ಇವು ಬೇರೆ ದಾರಿಯಲ್ಲಿ ಹೇಳಿದವು. ತೊಡಕು ಎರಡು. ಇವು ವೆಬ್ ಸೇವೆಗಳಿಗೆ ಹೊಲಿದ ಅಂಗಿ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹತ್ತಾರು ಜನ ತೆರೆದು ಕೂರುವ ಟ್ಯಾಲಿಗೋ, ಹಳೇ ಎರಡು ಹಂತದ ಇಆರ್‌ಪಿಗೋ ಸರಿಹೊಂದುವುದು ಕಷ್ಟ. ಎರಡನೆಯದಾಗಿ, ಹೈಪರ್‌ವೈಸರ್ ಕಸಿದ ಹೊತ್ತು ಟ್ರೇಸಿನಲ್ಲಿ ಬೇರೆಯಾಗಿ ಬರುವುದಿಲ್ಲ. ಆಗ ಓಡಬೇಕಿದ್ದ ಫಂಕ್ಷನ್ ಯಾವುದೋ ಅದರ ಖಾತೆಗೆ ಬೀಳುತ್ತದೆ. ಪಾಪದ ಪ್ರೋಗ್ರಾಮರ್ ಆ ಫಂಕ್ಷನ್ನನ್ನು ತಿದ್ದುತ್ತಾನೆ.

ಕ್ಲೌಡ್ ಈ ಕತ್ತಲನ್ನು ಗಟ್ಟಿ ಮಾಡಿತು. 2006ರಲ್ಲಿ ಬಂದ ಅಮೆಜಾನ್ ಇಸಿ2ಗೆ 2009ರಲ್ಲಿ ಕ್ಲೌಡ್‌ವಾಚ್ ಸೇರಿತು. ಹೆಚ್ಚು ಹಣ ಕೊಡದಿದ್ದರೆ ಐದು ನಿಮಿಷಕ್ಕೊಂದು ಅಂಕಿ. ಗೆಸ್ಟ್ ಒಳಗೆ ಏಜೆಂಟ್ ಹಾಕದಿದ್ದರೆ ಮೆಮೊರಿ ಬಳಕೆಯ ಅಂಕಿಯೇ ಇಲ್ಲ. 2014ರ ಟಿ2 ಮಾದರಿಯಲ್ಲಿ ಸಿಪಿಯು ಕ್ರೆಡಿಟ್ ಮುಗಿದರೆ ವೇಗ ತಳಮಟ್ಟಕ್ಕೆ ಇಳಿಯುತ್ತದೆ. ಅಗ್ಗವೆಂದು ಇದನ್ನೇ ಆರಿಸಿ, ಮಧ್ಯಾಹ್ನದ ಮೇಲೆ ಬಿಲ್ಲಿಂಗ್ ಏಕೆ ತೆವಳುತ್ತದೆ ಎಂದು ಕೇಳುವವರಿಗೆ ನಾನು ಮೊದಲು ನೋಡಹೇಳುವುದು ಕ್ರೆಡಿಟ್ ಬ್ಯಾಲೆನ್ಸ್ ಮತ್ತು ಸ್ಟೀಲ್. ಪ್ರಾಮಿಥಿಯಸ್, ಗ್ರಫಾನಾಗಳು ಅಂಕಿ ಕೂಡಿಡುವುದನ್ನೂ ಗ್ರಾಫ್ ಬರೆಯುವುದನ್ನೂ ಬಹುತೇಕ ಪುಕ್ಕಟೆ ಮಾಡಿವೆ. ಫಲವಾಗಿ ಡ್ಯಾಶ್‌ಬೋರ್ಡುಗಳು ಬೆಳೆದಷ್ಟು ಪ್ರಶ್ನೆಗಳು ಬೆಳೆದಿಲ್ಲ. ಬ್ರೆಂಡನ್ ಗ್ರೆಗ್ ಬಳಕೆಯ ಜತೆಗೆ ಸಾಲಿನ ಉದ್ದ ಮತ್ತು ದೋಷಗಳನ್ನೂ ಪ್ರತಿ ಸಂಪನ್ಮೂಲಕ್ಕೆ ಕೇಳಿರಿ ಎಂದು 2012ರ ಸುಮಾರಿಗೆ ಹೇಳಿದ್ದು ಸ್ವಲ್ಪ ಶಿಸ್ತು ತಂದಿತು. 2018ರ ಕೊನೆಗೆ ಲಿನಕ್ಸ್ 4.20ರಲ್ಲಿ ಸೇರಿದ ಪ್ರೆಶರ್ ಸ್ಟಾಲ್ ಅಂಕಿಗಳು ಕಾದ ಹೊತ್ತನ್ನೇ ನೇರವಾಗಿ ಕೊಡುತ್ತವೆ. ನನ್ನ ಬಳಿ ಬರುವ ಎಳೆಯ ಎಂಜಿನಿಯರುಗಳಲ್ಲಿ ಅದನ್ನು ತೆರೆದು ನೋಡಿದವರು ವಿರಳ.

ವ್ಯವಹಾರ ತಂತ್ರಾಂಶಕ್ಕೆ ನಿಗಾ ಕಟ್ಟುವವರು ಇದರಿಂದ ಏನು ತೆಗೆದುಕೊಳ್ಳಬೇಕು? ಮೊದಲು ಇನ್‌ವಾಯ್ಸ್ ಹಾಕುವುದು, ಸ್ಟಾಕ್ ವರದಿ ತೆಗೆಯುವುದು, ರಾತ್ರಿಯ ಬ್ಯಾಚ್ ಮುಗಿಯುವುದು, ಇಂಥ ನಾಲ್ಕೈದು ಕೆಲಸಗಳಿಗೆ ಹಿಡಿಯುವ ಹೊತ್ತು. ಅದರ ಕೆಳಗೆ ಡೇಟಾಬೇಸಿನ ಕಾಯುವಿಕೆ, ಅದರ ಕೆಳಗೆ ಗೆಸ್ಟ್, ಆಮೇಲೆ ರೆಡಿ ಅಥವಾ ಸ್ಟೀಲ್, ಬಲೂನ್, ಡಿಸ್ಕ್ ವಿಳಂಬ. ಎಲ್ಲಕ್ಕೂ ಒಂದೇ ಗಡಿಯಾರ ಇರಬೇಕು. ಗಡಿಯಾರ ಹೊಂದಿಸುವ ಎನ್‌ಟಿಪಿ ಸರಿಯಿಲ್ಲದ ಕಡೆ ಈ ಪದರಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು ವ್ಯರ್ಥ. ಇಷ್ಟಕ್ಕೆ ದುಬಾರಿ ಉಪಕರಣವೇನೂ ಬೇಡ.

ಬಾಕಿ ಉಳಿದ ಕೆಲಸಗಳಲ್ಲಿ ದೊಡ್ಡದು ಪಂಚಾಂಗದ್ದು. ವ್ಯವಹಾರ ತಂತ್ರಾಂಶಕ್ಕೆ ಎಲ್ಲ ದಿನವೂ ಒಂದೇ ಅಲ್ಲ. ತಿಂಗಳ 20ನೇ ತಾರೀಖಿಗೆ ಜಿಎಸ್‌ಟಿಆರ್-3ಬಿ, ಮಾರ್ಚ್ 31ಕ್ಕೆ ವರ್ಷಾಂತ್ಯ, ಸಂಬಳದ ಹಿಂದಿನ ಸಂಜೆ. ನೋವು ಬರುವುದು ಆಗಲೇ. ಆದರೆ ವಿಸೆಂಟರ್ ತಾನಾಗಿ ಇಡುವ ಲೆಕ್ಕದಲ್ಲಿ ಐದು ನಿಮಿಷದ ಅಂಕಿ ಒಂದು ದಿನ ಉಳಿಯುತ್ತದೆ, ಅರ್ಧ ಗಂಟೆಯದು ಒಂದು ವಾರ, ಎರಡು ಗಂಟೆಯದು ಒಂದು ತಿಂಗಳು, ಇಡೀ ದಿನದ ಸರಾಸರಿ ಒಂದು ವರ್ಷ. ಹತ್ತು ನಿಮಿಷ ಶೇಕಡ 30 ರೆಡಿ ಇದ್ದು ಮಿಕ್ಕ ಹೊತ್ತು ಸೊನ್ನೆಯಿದ್ದರೆ, ಅದು ತಿಂಗಳ ಗ್ರಾಫಿನಲ್ಲಿ 2.5, ವರ್ಷದ ಗ್ರಾಫಿನಲ್ಲಿ 0.2. ಕಳೆದ ಮಾರ್ಚಿನಲ್ಲಿ ಏನಾಯಿತು ಎಂದು ಕೇಳಿದರೆ ಏನೂ ಆಗಿಲ್ಲ ಎಂದು ದಾಖಲೆ ಹೇಳುತ್ತದೆ. ಹೋಸ್ಟಿಂಗ್ ಒಪ್ಪಂದಗಳದೂ ಇದೇ ಕಥೆ: ಸರ್ವರ್ ಎದ್ದಿರಬೇಕಾದ ಶೇಕಡಾವಾರಿಗೆ ದಂಡದ ಕಲಮಿರುತ್ತದೆ, ಹೋಸ್ಟಿನ ರೆಡಿ ಅಂಕಿ ಗ್ರಾಹಕನಿಗೆ ಕೊಡಬೇಕೆಂಬ ಕಲಮನ್ನು ಕೇಳಿ ಹಾಕಿಸಿಕೊಂಡವರು ಕೆಲವರೇ.

ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ ವಿಎಂವೇರನ್ನು ಕೊಂಡು ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿದ ಮೇಲೆ ಅನೇಕರು ಪ್ರಾಕ್ಸ್‌ಮಾಕ್ಸ್, ನುಟಾನಿಕ್ಸ್, ಹೈಪರ್-ವಿ ಎಂದು ಹೊರಟಿದ್ದಾರೆ. ಇಎಸ್‌ಎಕ್ಸ್ ಮೇಲೆ ಇಪ್ಪತ್ತು ವರ್ಷದಲ್ಲಿ ಕೂಡಿಬಂದ ಮಿತಿಗಳು ಹೊಸ ಕಡೆ ಹಾಗೇ ಹೊಂದುವುದಿಲ್ಲ. ಸ್ಟೀಲ್ ಮತ್ತು ರೆಡಿ ಹತ್ತಿರದ ಬಂಧುಗಳು, ಒಂದೇ ಅಳತೆಯಲ್ಲ, ಕೋ-ಸ್ಟಾಪ್‌ಗೆ ಅಲ್ಲಿ ನೇರ ಸಮಾನವೂ ಇಲ್ಲ. ಹೋಲಿಸಿ ನೋಡಬೇಕಾದರೆ ಹಳೆಯ ಮನೆಯಲ್ಲಿ ಒಂದು ವರ್ಷಾಂತ್ಯ ಪೂರ್ತಿ 20 ಸೆಕೆಂಡಿನ ಅಂಕಿಗಳನ್ನು ಹೊರಗೆ ಎತ್ತಿಟ್ಟುಕೊಂಡಿರಬೇಕು, ಜತೆಗೆ ಆ ದಿನಗಳ ಇನ್‌ವಾಯ್ಸ್ ಹೊತ್ತು. ನಾನು ಓದಿದ ವಲಸೆ ಯೋಜನೆಗಳಲ್ಲಿ ಬ್ಯಾಕಪ್, ನೆಟ್‌ವರ್ಕ್, ಲೈಸೆನ್ಸ್, ತರಬೇತಿ ಎಲ್ಲಕ್ಕೂ ಸಾಲುಗಳಿವೆ, ಇದಕ್ಕಿಲ್ಲ. ಹಳೆಯ ವಿಸೆಂಟರ್ ಆಫ್ ಮಾಡುವ ತಾರೀಖು ಮಾತ್ರ ಎಲ್ಲದರಲ್ಲೂ ಇದೆ.