ಭೂಮಿ ಬಂತು, ನೇಗಿಲು ಬರಲಿಲ್ಲ

ಮಳವಳ್ಳಿ ತಾಲೂಕಿನ ನಮ್ಮ ಕೇರಿಯ ಹನ್ನೊಂದು ಮನೆಯವರು ದುಡ್ಡು ಹಾಕಿ ಒಂದು ಹಳೇ ಟ್ರ್ಯಾಕ್ಟರ್ ಕೊಂಡಿದ್ದೇವೆ. ಎಚ್‌ಎಂಟಿ 2522. ಇಪ್ಪತ್ತೈದು ಎಚ್‌ಪಿ, ಎರಡು ಸಿಲಿಂಡರ್. ಮಂಡ್ಯದ ಸಂಗಾತಿಗಳು ಅವತ್ತಿಂದ ಒಂದೇ ಪ್ರಶ್ನೆ ಕೇಳ್ತಿದ್ದಾರೆ: "ಅಲ್ಲಣ್ಣ, ಎಸ್‌ಸಿಗಳಿಗೆ ಸಬ್ಸಿಡಿ ಇದೆ. ಹೊಸದು ತಗೊಳ್ಳೋದು ಬಿಟ್ಟು ಕಂಪನೀನೇ ಮುಚ್ಚಿಹೋದ ಗಾಡೀನ ಯಾಕೆ ತಂದ್ರಿ?" ಇದಕ್ಕೆ ಒಂದು ಮಾತಲ್ಲಿ ಉತ್ತರ ಇಲ್ಲ. ಕನ್ನಂಬಾಡಿ ಕಟ್ಟೆಯಿಂದ ಶುರು ಮಾಡಬೇಕು. ಉದ್ದ ಇದೆ, ಪುರುಸೊತ್ತಾದಾಗ ಓದಿ.

1911ರಲ್ಲಿ ಕಟ್ಟೆ ಕೆಲಸ ಶುರುವಾಯ್ತು, ಮುಗಿಯೋ ಹೊತ್ತಿಗೆ ಇಪ್ಪತ್ತು ವರ್ಷ. ಇರ್ವಿನ್ ನಾಲೆ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ನೀರು ತಂತು. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಜಿಲ್ಲೆ. ಇಷ್ಟು ಚರಿತ್ರೆ ನಮ್ಮ ಶಾಲೆ ಮಕ್ಕಳಿಗೂ ಬಾಯಿಪಾಠ. ಈ ಚರಿತ್ರೆಯಲ್ಲಿ ಕೇರಿ ಎಲ್ಲಿತ್ತು ಅಂತ ಕೇಳಿದರೆ ಮಾತ್ರ ಎಲ್ಲರೂ ಸುಮ್ಮನಾಗ್ತಾರೆ.

ಅದನ್ನು ಕೂತು ಬರೆದವರು ಹೊರಗಿನವರು. ಸ್ಕಾರ್ಲೆಟ್ ಎಪ್‌ಸ್ಟೀನ್ ಅಂತ, ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು, ಹಿಟ್ಲರನ ಕಾಲದಲ್ಲಿ ಊರು ಬಿಟ್ಟು ಓಡಿ ಇಂಗ್ಲೆಂಡ್ ಸೇರಿದವರು. 1954ರಲ್ಲಿ ಮಂಡ್ಯದ ಹತ್ತಿರದ ಎರಡು ಊರುಗಳಿಗೆ ಬಂದು ಉಳಿದುಕೊಂಡರು. ಊರುಗಳ ನಿಜ ಹೆಸರು ಮರೆಮಾಡಿ ವಂಗಲ, ದಲೇನ ಅಂತ ಕರೆದರು. ವಂಗಲಕ್ಕೆ ನಾಲೆ ನೀರು ಬಂದಿತ್ತು, ದಲೇನಕ್ಕೆ ಬಂದಿರಲಿಲ್ಲ. ನೀರು ಬಂದ ಊರಲ್ಲಿ ಹಳೇ ಕಟ್ಟುಪಾಡು ಸಡಿಲ ಆಗಿರುತ್ತೆ ಅಂತ ಯಾರಾದರೂ ಅಂದುಕೊಳ್ತಾರೆ. ಅವರಿಗೆ ಕಂಡದ್ದು ಉಲ್ಟಾ. ನೀರು ಬಂದ ವಂಗಲದಲ್ಲಿ ಕಬ್ಬು, ಭತ್ತಕ್ಕೆ ಆಳು ಜಾಸ್ತಿ ಬೇಕಾಯ್ತು, ಒಕ್ಕಲು ಮನೆಗೂ ಕೇರಿಗೂ ಇದ್ದ ವಂಶಪಾರಂಪರ್ಯದ 'ಹಳೆಮಗ' ಸಂಬಂಧ ಇನ್ನೂ ಬಿಗಿಯಾಯ್ತು. ನೀರಿಲ್ಲದ ದಲೇನದವರು ಕೂಲಿ, ವ್ಯಾಪಾರ, ನೌಕರಿ ಅಂತ ಮಂಡ್ಯ ಪೇಟೆ ಕಡೆ ಮುಖ ಮಾಡಿದರು. ಗಂಟು ಬಿಚ್ಚಿದ್ದು ಅಲ್ಲಿ. ನೀರು ಬಂದು ಕಟ್ಟಿತು, ಬರ ಬಿಡಿಸಿತು! ಅವರ ಪುಸ್ತಕ 1962ರಲ್ಲಿ ಬಂತು. ಅದರಲ್ಲಿ ಇನ್ನೊಂದು ಪ್ರಸಂಗ ಇದೆ. ವಂಗಲದ ಕೇರಿಯವರು ನಾಟಕ ಆಡೋಕೆ ಹೊರಟರು. ಕೇರಿಯ ಹುಡುಗ ರಾಜನ ವೇಷದಲ್ಲಿ ಸಿಂಹಾಸನದ ಮೇಲೆ ಕೂರ್ತಾನೆ ಅನ್ನೋದೇ ತಕರಾರಾಯ್ತು. ಊರವರು ಕೇರಿಗೆ ಕೆಲಸ ಕೊಡೋದನ್ನೇ ನಿಲ್ಲಿಸಿದರು. ಎಲ್ಲಿ ಕೂರ್ತೀಯ ಅನ್ನೋ ಪ್ರಶ್ನೆ ಆಗಲೂ ಇತ್ತು, ಮುಂದೆ ಡ್ರೈವರ್ ಸೀಟಿನ ವಿಷಯಕ್ಕೂ ಬರ್ತೀನಿ.

ಈಗ ಎತ್ತಿನ ಮಾತು. ಭೂಮಿ ಹೋರಾಟದಲ್ಲಿ ನಾವು ಎಕರೆ ಲೆಕ್ಕ ಹಾಕೋದನ್ನ ಕಲಿತೆವು, ಎತ್ತಿನ ಲೆಕ್ಕ ಕಲಿಯಲಿಲ್ಲ. ಗದ್ದೆ ಬೇಸಾಯದಲ್ಲಿ ಎಲ್ಲಾ ಇರೋದು ಹದದಲ್ಲಿ. ನಾಲೆಗೆ ನೀರು ಬಿಡೋದು ಕಟ್ಟು ಪದ್ಧತಿಯಲ್ಲಿ, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸ್ತಾರೆ. ಮದ್ದೂರು, ಮಳವಳ್ಳಿಯವರು ನಾಲೆಯ ಕೊನೇ ಭಾಗ, ನಮಗೆ ಬರೋ ಹೊತ್ತಿಗೆ ಅರ್ಧ ಕಟ್ಟು ಮುಗಿದಿರುತ್ತೆ. ಆ ನಾಲ್ಕು ದಿನದಲ್ಲಿ ಉತ್ತು, ಕೆಸರು ಮಾಡಿ, ನಾಟಿ ಹಾಕಬೇಕು. ಒಟ್ಲಲ್ಲಿ ಪೈರು ಬಲಿತುಹೋದರೆ ಆಮೇಲೆ ನೆಟ್ಟರೂ ತೆಂಡೆ ಒಡೆಯಲ್ಲ. ಎತ್ತಿಲ್ಲದವನು ಆ ನಾಲ್ಕು ದಿನ ಏನು ಮಾಡಬೇಕು? ಎತ್ತಿದ್ದವರ ಮನೆ ಮುಂದೆ ನಿಲ್ಲಬೇಕು. ಒಂದು ದಿನ ಆರು ಕಟ್ಟಿಸಿಕೊಂಡರೆ ಅದಕ್ಕೆ ಬದಲು ಗಂಡ-ಹೆಂಡತಿ ಇಬ್ಬರೂ ಎರಡು ಮೂರು ದಿನ ಅವರ ಗದ್ದೆಗೆ ಹೋಗಬೇಕು, ಅದೂ ಅವರ ನಾಟಿ ಮುಗಿದ ಮೇಲೆ. ನಮ್ಮಪ್ಪ ಹೇಳ್ತಿದ್ದ ಲೆಕ್ಕ ಇದು. ಕೇರಿಯ ಗದ್ದೆಗೆ ನೇಗಿಲು ಬರ್ತಿದ್ದದ್ದು ಹದ ಹೋದ ಮೇಲೇನೇ. ಆಮೇಲೆ "ಇವರಿಗೆ ಬೇಸಾಯ ಬರಲ್ಲ, ಭೂಮಿ ಕೊಟ್ಟು ಏನು ಪ್ರಯೋಜನ" ಅನ್ನೋ ಮಾತು ಬೇರೆ.

ಬಾಬಾಸಾಹೇಬರು ಈ ಗಂಟನ್ನ 1918ರಲ್ಲೇ ಹಿಡಿದಿದ್ದರು. ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಆ ವರ್ಷ ಅವರ ಲೇಖನ ಅರ್ಥಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂತು. ಆಗಿನ್ನೂ 27ರ ವಯಸ್ಸು. ಹಿಡುವಳಿ ಚಿಕ್ಕದಾಗಿರೋದೇ ರೋಗ ಅಂತ ಎಲ್ಲರೂ ಹೇಳ್ತಿದ್ದ ಕಾಲ. ಅವರು ವಾದಿಸಿದ್ದು ಬೇರೆ: ಜಮೀನು ಚಿಕ್ಕದೋ ದೊಡ್ಡದೋ ಅಂತ ಅಳತೆ ಹಿಡಿದು ಹೇಳೋಕಾಗಲ್ಲ, ಅದರ ಜೊತೆ ಎಷ್ಟು ಉಪಕರಣ, ಎಷ್ಟು ಬಂಡವಾಳ ಇದೆ ಅನ್ನೋದರ ಮೇಲೆ ಹೇಳಬೇಕು. 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗಲೂ ಬರೀ ಭೂಮಿ ಕೊಡಿ ಅನ್ನಲಿಲ್ಲ. ಊರವರು ಒಟ್ಟಾಗಿ ಸಾಗುವಳಿ ಮಾಡಬೇಕು. ನೀರು, ಎತ್ತು, ಸಲಕರಣೆ, ಗೊಬ್ಬರ, ಬೀಜ ಎಲ್ಲಾ ಸರ್ಕಾರವೇ ಒದಗಿಸಬೇಕು ಅಂದರು. ನಮ್ಮ ವೇದಿಕೆಗಳಲ್ಲಿ ಈ 'ಸಲಕರಣೆ' ಅನ್ನೋ ಪದದ ಮೇಲೆ ಯಾರೂ ಭಾಷಣ ಮಾಡಿದ್ದು ನಾನು ಕೇಳಿಲ್ಲ.

ಸರ್ಕಾರ ಕೊಟ್ಟಿದ್ದು ಏನು? ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1961ರದು, ತೋಟಿ, ತಳವಾರ, ನೀರುಗಂಟಿ ಇನಾಂ ಜಮೀನುಗಳ ಬಾಬ್ತು. ಅರಸು ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ. ಆದರೆ ಫಾರಂ 7 ಹಾಕೋಕೆ ಗೇಣಿದಾರನಾಗಿರಬೇಕಿತ್ತು. ಕರಾವಳಿಯಂತೆ ನಮ್ಮ ಭಾಗದಲ್ಲಿ ಗೇಣಿ ದೊಡ್ಡದಾಗಿ ಇರಲಿಲ್ಲ, ಇದ್ದದ್ದು ಕೂಲಿ ಮತ್ತು ಜೀತ. ಜೀತದಾಳಿಗೆ ಫಾರಂ 7 ಎಲ್ಲಿಂದ ಬರಬೇಕು? ದರಖಾಸ್ತಿನಲ್ಲಿ ಸಿಕ್ಕಿದ್ದು ಕಲ್ಲು, ಗುಟ್ಟೆ, ನಾಲೆ ಹತ್ತದ ದಿಬ್ಬ. ಅದೂ ಕೈತಪ್ಪಿದ್ದಕ್ಕೆ 1978ರ ಪಿಟಿಸಿಎಲ್ ಕಾಯ್ದೆ, ಆಮೇಲೆ ಅದಕ್ಕೂ ಕೋರ್ಟಿನಲ್ಲಿ ತಡವಾಯ್ತೆಂಬ ನೆಪ, 2023ರ ತಿದ್ದುಪಡಿಗಾಗಿ ಫ್ರೀಡಂ ಪಾರ್ಕಿನಲ್ಲಿ ಕೂತ ದಿನಗಳು. ಆ ಕತೆ ನಿಮಗೆಲ್ಲಾ ಗೊತ್ತು, ಇಲ್ಲಿ ಬೇಡ.

ಇದೇ ಹೊತ್ತಿಗೆ ಟ್ರ್ಯಾಕ್ಟರ್ ಬಂತು. ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುವಾದದ್ದು 1959ರಲ್ಲಿ, ಐಷರ್‌ನಿಂದ. ಮದ್ರಾಸಿನಿಂದ ಮ್ಯಾಸಿ ಫರ್ಗ್ಯುಸನ್, ಮುಂಬೈಯಿಂದ ಇಂಟರ್‌ನ್ಯಾಷನಲ್ ಆಮೇಲೆ. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣ ಆದ ಮೇಲೆ ಸಾಲ ಹಳ್ಳಿಗೂ ಇಳಿಯಿತು, ಆದರೆ ಇಳಿದದ್ದು ಪಹಣಿ ನೋಡಿಕೊಂಡು. ಟ್ರ್ಯಾಕ್ಟರ್ ಸಾಲಕ್ಕೆ ಎಂಟು ಎಕರೆ ನೀರಾವರಿ ಜಮೀನು ಇರಬೇಕು ಅನ್ನೋ ಅಳತೆ ಬಹಳ ವರ್ಷ ನಡೀತು. ಇತ್ತ ನಮ್ಮ ಅಂಬೇಡ್ಕರ್ ನಿಗಮದ ಭೂ ಒಡೆತನ ಯೋಜನೆಯಲ್ಲಿ ಸಿಗೋದು ಎರಡು ಎಕರೆ ಖುಷ್ಕಿ, ಇಲ್ಲಾ ಒಂದು ಎಕರೆ ತರಿ. ಎರಡೂ ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ. ಎತ್ತು ಯಾರ ಕೊಟ್ಟಿಗೆಯಲ್ಲಿತ್ತೋ ಟ್ರ್ಯಾಕ್ಟರ್ ಅದೇ ಕೊಟ್ಟಿಗೆಗೆ ಹೋಯ್ತು.

ಹಾಗಂತ ಟ್ರ್ಯಾಕ್ಟರಿನಿಂದ ಕೇರಿಗೆ ಬರೀ ಕೇಡಾಯ್ತು ಅಂದರೆ ಅದು ಅರ್ಧ ಸುಳ್ಳು. ವರ್ಷಪೂರ್ತಿ ಎತ್ತು ಮೇಯಿಸೋಕೆ, ಕೊಟ್ಟಿಗೆ ಬಾಚೋಕೆ ಜೀತದ ಹುಡುಗ ಬೇಕಿತ್ತು. ಎತ್ತು ಕಮ್ಮಿಯಾದ ಹಾಗೆ ಆ ಹುಡುಗನ ಅಗತ್ಯಾನೂ ಕಮ್ಮಿಯಾಯ್ತು. ಜೀತ ಹೋಗಿದ್ದು 1976ರ ಕಾಯ್ದೆಯಿಂದ ಎಷ್ಟು, ಡೀಸೆಲ್ಲಿನಿಂದ ಎಷ್ಟು ಅಂತ ಲೆಕ್ಕ ಹಾಕೋರು ಇನ್ನೂ ಹುಟ್ಟಬೇಕು. ನಮ್ಮ ಚಿಕ್ಕಪ್ಪ ಎತ್ತು ಕಾಯೋಕೆ ಹೋದ ಮನೆಯಲ್ಲೇ ಡ್ರೈವರ್ ಆದ, ಇಪ್ಪತ್ತೆರಡು ವರ್ಷ ಅವರ ಟ್ರ್ಯಾಕ್ಟರ್ ಓಡಿಸಿದ. ಸೀಟಿನ ಮೇಲೆ ಕೇರಿಯವನು, ಪಕ್ಕದ ಮಡ್‌ಗಾರ್ಡ್ ಮೇಲೆ ಧಣಿ. ಕಬ್ಬು ತುಂಬಿಕೊಂಡು ಫ್ಯಾಕ್ಟರಿಗೆ ಹೋಗುವಾಗ ಮಂಡ್ಯದವರೆಗೂ ಮೈಗೆ ಮೈ ತಾಗಿಕೊಂಡೇ ಹೋಗಬೇಕು. ವಾಪಸ್ ಬಂದು ಎಂಜಿನ್ ಆಫ್ ಮಾಡಿದ ಮೇಲೆ ಊಟ ಜಗುಲಿ ಕೆಳಗೆ, ಲೋಟ ಬೇರೆ. ಎಂಜಿನ್ ಓಡ್ತಿರೋವಾಗ ಇಲ್ಲದ ಮೈಲಿಗೆ ನಿಂತಾಗ ಎಲ್ಲಿಂದ ಬರುತ್ತೋ! "ಎತ್ತು ಕೇಳೋಕೆ ಹೋದ್ರೆ ಹಟ್ಟಿ ಮುಂದೆ ನಿಂತ್ಕೊಂಡು 'ಬುದ್ದೀ' ಅನ್ಬೇಕಿತ್ತು ಕನ್ಲಾ. ಈಗ ಟ್ಯಾಕ್ಟ್ರು ಕೇಳೋಕೆ ಫೋನ್ ಮಾಡಿ 'ಅಣ್ಣೋ' ಅಂತೀವಿ. ನಮ್ ಗದ್ದೆಗೆ ಬರೋದು ಆಗ್ಲೂ ಕೊನೆಗೇಯ, ಈಗ್ಲೂ ಕೊನೆಗೇಯ" ಅಂತಾನೆ ಚಿಕ್ಕಪ್ಪ.

ಇನ್ನು ಸಬ್ಸಿಡಿ. ಶೇ 90 ಅಂತ ಬೋರ್ಡ್ ಇರುತ್ತೆ. ಹನ್ನೊಂದು ಮನೆಯಲ್ಲಿ ಆರು ಮನೆಯ ಪಹಣಿ ಇನ್ನೂ ಸತ್ತ ತಾತನ ಹೆಸರಲ್ಲಿದೆ, ಪೌತಿ ಖಾತೆ ಆಗಿಲ್ಲ. ಇಬ್ಬರದು ಪಿಟಿಸಿಎಲ್ ಕೇಸು. ಇಬ್ಬರು ಫಾರಂ 53 ಹಾಕಿ ಕೂದಲು ಹಣ್ಣಾಗಿದ್ದಾರೆ. ದಾಖಲೆ ನೆಟ್ಟಗಿದ್ದವನು ಒಬ್ಬ, ಅವನು ಎರಡು ವರ್ಷ ಕಚೇರಿಗೆ ಅಲೆದ, "ಈ ಸಲದ ಟಾರ್ಗೆಟ್ ಮುಗೀತು" ಅನ್ನಿಸಿಕೊಂಡ. ಸಂಘದಲ್ಲಿ ಕೂತು ಮಾತಾಡಿದೆವು. ನಮಗೆ ಬೇಕಾಗಿರೋದು ಹೊಸ ಗಾಡಿಯಲ್ಲ, ಹದದ ನಾಲ್ಕು ದಿನ.

ಮದ್ದೂರು ತಾಲೂಕಿನ ಒಂದೂರಲ್ಲಿ ಹುಣಸೆಮರದ ಕೆಳಗೆ ನಿಂತಿತ್ತು ಇದು. ಎಚ್‌ಎಂಟಿ ಅಂದರೆ ನಮಗೆಲ್ಲಾ ಕೈಗಡಿಯಾರ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಕಂಪನಿ. ಟ್ರ್ಯಾಕ್ಟರ್ ಮಾತ್ರ ಹರಿಯಾಣದ ಪಿಂಜೋರಿನಲ್ಲಿ, 1971ರಿಂದ, ಜೆಕೊಸ್ಲೊವಾಕಿಯಾದ ಜೆಟಾರ್ ತಂತ್ರಜ್ಞಾನದಲ್ಲಿ. 2016ರಲ್ಲಿ ಕೇಂದ್ರ ಸರ್ಕಾರ ಮುಚ್ಚೋ ತೀರ್ಮಾನ ಮಾಡಿತು. ಸರ್ಕಾರಿ ಕಂಪನಿ ಮುಚ್ಚಿದಾಗ ಅದರ ಜೊತೆ ಮೀಸಲಾತಿಯ ಹುದ್ದೆಗಳೂ ಮುಚ್ಚುತ್ತವೆ, ಅದಕ್ಕೆ ಯಾರೂ ತಿಥಿ ಮಾಡಲ್ಲ.

ಗಾಡಿ ನೋಡೋಕೆ ಚಿಕ್ಕಪ್ಪನನ್ನೇ ಕರೆದುಕೊಂಡು ಹೋದೆವು. ಹಿಂದಿನ ದಿನದಿಂದ ಎಂಜಿನ್ ಮುಟ್ಟಬೇಡಿ ಅಂತ ಮೊದಲೇ ಹೇಳಿ ಕಳಿಸಿದ್ದ. ಬಿಸಿ ಎಂಜಿನ್ ಎಲ್ಲಾ ರೋಗಾನೂ ಮುಚ್ಚಿಡುತ್ತೆ, ತಣ್ಣಗಿರೋದು ಸ್ಟಾರ್ಟ್ ಆಗಬೇಕು. ಹೊಗೆ ನೀಲಿ ಬಂತು, ಅಂದರೆ ಆಯಿಲ್ ಸುಡ್ತಿದೆ, ಲೈನರ್, ರಿಂಗ್ ಹೋಗಿವೆ. ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮೇಲೆ ಎಣ್ಣೆ ತೇಲ್ತಿದೆಯಾ ಅಂತ ನೋಡಿದ, ಇರಲಿಲ್ಲ, ಬ್ಲಾಕ್ ಒಡೆದಿಲ್ಲ. ನೇಗಿಲು ಎತ್ತಿ ಎಂಜಿನ್ ನಿಲ್ಲಿಸಿದ, ಬೀಡಿ ಸೇದಿ ಮುಗಿಸೋದರೊಳಗೆ ನೇಗಿಲು ನೆಲಕ್ಕೆ ಇಳಿದಿತ್ತು. ಹೈಡ್ರಾಲಿಕ್ ಕೆಲಸ ಇದೆ. ಚಾಸಿ ನಂಬರ್ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಿದೆವು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಹಾಗೇ ಇತ್ತು. ಸಾಲ ತೀರಿದ ಪತ್ರ ತಂದು ಅದನ್ನು ತೆಗೆಸಿದ ಮೇಲೇ ಪೂರ್ತಿ ಹಣ ಅಂತ ಕೂತೆವು. ಹಳೇ ಗಾಡಿ ಕೊಳ್ಳೋರು ಯಾರೇ ಆಗಲಿ ಇಷ್ಟು ಮಾಡಿ. 95 ಸಾವಿರಕ್ಕೆ ಮುಗೀತು.

ರಿಪೇರಿಗೆ ಮೂರು ತಿಂಗಳು ಹಿಡೀತು. ಎಂಜಿನ್ ಇಳಿಸಿ ಕ್ರ್ಯಾಂಕನ್ನು ಮೈಸೂರಿಗೆ ಹೊತ್ತು ಗ್ರೈಂಡಿಂಗ್ ಮಾಡಿಸಿದೆವು. ಲೈನರ್, ಪಿಸ್ಟನ್ ಹೊಸದು ಸಿಕ್ಕಿತು. ಡೀಸೆಲ್ ಟ್ಯಾಂಕಿನಲ್ಲಿ ಒಂದು ಬೊಗಸೆ ತುಕ್ಕು. ಪಂಪು, ನಾಝಲ್ ಟೆಸ್ಟಿಂಗ್ ಮಂಡ್ಯದಲ್ಲಿ. ಐಟಿಐ ಮುಗಿಸಿ ಬಿಡದಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡೋ ನಮ್ಮ ಇಬ್ಬರು ಹುಡುಗರು ಭಾನುವಾರ ಭಾನುವಾರ ಬಂದು ಚಿಕ್ಕಪ್ಪನ ಕೈಕೆಳಗೆ ಬಿಚ್ಚಿ ಜೋಡಿಸಿದರು. ಹುಡುಗರಿಗೆ ಇಡೀ ಗಾಡಿಗೆ ನೀಲಿ ಬಳಿಯೋ ಆಸೆ. ಆರ್‌ಸಿಯಲ್ಲಿ ಬಣ್ಣಾನೂ ನಮೂದಾಗಿರುತ್ತೆ, ಬದಲಾಯಿಸಿದರೆ ಮತ್ತೆ ಆರ್‌ಟಿಒ ಬಾಗಿಲು. ಹಾಗಾಗಿ ಟೂಲ್ ಬಾಕ್ಸಿಗೆ ಮಾತ್ರ ನೀಲಿ.

ಮೊದಲ ಹಂಗಾಮಿನಲ್ಲೇ ಜಗಳ ಬಂತು, ಅದನ್ನೂ ಬರೀತೀನಿ. ಜಾಸ್ತಿ ದುಡ್ಡು ಹಾಕಿದವರ ಗದ್ದೆ ಮೊದಲೋ, ನೀರು ಮೊದಲು ತಲುಪಿದ ಗದ್ದೆ ಮೊದಲೋ? ಎರಡು ರಾತ್ರಿ ಅಂಬೇಡ್ಕರ್ ಭವನದ ಮುಂದೆ ಕೂಗಾಟ. ಕೊನೆಗೆ ನಾಟಿ ಆಳು ಕಟ್ಟೋ ಒಬ್ಬ ಅಕ್ಕ ಕೇಳಿದರು, "ದುಡ್ಡಿದ್ದೋನಿಗೆ ಮೊದ್ಲು ಅನ್ನೋದಾದ್ರೆ ಊರೋರ ಟ್ಯಾಕ್ಟ್ರೇ ಸಾಕಿತ್ತಲ್ಲ?" ಈಗ ನೀರಿನ ಸಾಲೇ ಪಾಳಿ. ಗಂಟೆ ಬಾಡಿಗೆ ಎಲ್ಲರಿಗೂ ಒಂದೇ, ಪಾಲುದಾರರಿಗೆ ಸುಗ್ಗಿವರೆಗೆ ಕಡ ಇದೆ. ಹೆಸರು ಬರೆಯೋ ನೋಟ್‌ಬುಕ್ ಆ ಅಕ್ಕನ ಹತ್ತಿರಾನೇ ಇರುತ್ತೆ. ಈ ಸಲ ಊರೊಳಗಿಂದಲೂ ಮೂವರು ಹೆಸರು ಬರೆಸಿದ್ದಾರೆ, ಒಬ್ಬರು ಚಿಕ್ಕಪ್ಪನ ಹಳೇ ಧಣಿಯ ಮಗ. ಪಾಳಿ ಹದಿನಾಲ್ಕು.

ಹೈಡ್ರಾಲಿಕ್ ಪಂಪ್ ಇನ್ನೂ ಸರಿಹೋಗಿಲ್ಲ, ಕೇಜ್ ವೀಲ್ ಒಂದು ಜೊತೆ ಬೇಕು. ಹಳೇ 2522 ಗುಜರಿಗೆ ಹೋಗ್ತಿರೋದು ಯಾರ ಕಣ್ಣಿಗಾದರೂ ಬಿದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ತಿಳಿಸಿ. ಜೈ ಭೀಮ್.