ಕೂತ ನಟ್ಟೆಲ್ಲ ಅಸಲಿಯಲ್ಲ

ಗದಗ-ಬೆಟಗೇರಿಗೆ ಇಂಗ್ಲೆಂಡಿನ ನಟ್ಟು-ಬೋಲ್ಟು ಮೋಟಾರಿಗಿಂತ ಮೊದಲೇ ಬಂದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್‌ಗೇಜ್ ಹಳಿ ಬಂತು. ಹತ್ತಿಪೇಟೆಯಾದ ಊರಿಗೆ ಜಿನ್ನು, ಪ್ರೆಸ್ಸುಗಳೂ ಬಂದವು. ಆಗಿನ ಬ್ರಿಟಿಷ್ ಯಂತ್ರಗಳಲ್ಲಿ ನಡೆಯುತ್ತಿದ್ದದ್ದು 1841ರಲ್ಲಿ ಜೋಸೆಫ್ ವಿಟ್‌ವರ್ತ್ ಗೊತ್ತುಮಾಡಿದ 55 ಡಿಗ್ರಿಯ ಥ್ರೆಡ್. ಈ ಸೀಮೆಯ ರಿಪೇರಿ ಕಸುಬಿನ ಕೈ ಪಳಗಿದ್ದು ಅದರ ಮೇಲೆಯೇ ಎನ್ನಬಹುದು. ಇಂದು ಹಳೆಯ ಕಾರು ಜೀರ್ಣೋದ್ಧಾರ ಮಾಡುವವರು ಅಸಲಿ ದೀಪ, ಅಸಲಿ ಗಡಿಯಾರ ಹುಡುಕುತ್ತ ಊರೂರು ಅಲೆಯುತ್ತಾರೆ; ಬಿಚ್ಚಿದ ಬೋಲ್ಟುಗಳನ್ನು ಮಾತ್ರ ಗುಜರಿಗೆ ಸುರಿಯುತ್ತಾರೆ. ಕಾರಿನ ಕುಲಗೋತ್ರ ಹೇಳುವುದು ದೀಪಕ್ಕಿಂತ ಬೋಲ್ಟೇ ಎಂಬುದು ನನ್ನ ವಾದ.

ಮಾರಿಸ್ ಟೆನ್ ಕಾರೇ ನಮ್ಮಲ್ಲಿ ಹಿಂದುಸ್ತಾನ್ ಟೆನ್ ಆಯಿತು. ಅದರ ಎಂಜಿನ್ನಿನ ಬೋಲ್ಟಿಗೆ ವಿಟ್‌ವರ್ತ್ ಪಾನಾ ಸರಿಯಾಗಿ ಕೂಡುತ್ತದೆ, ಆದರೆ ಥ್ರೆಡ್ ಮೆಟ್ರಿಕ್! ಕಾರಣ ಸ್ವಾರಸ್ಯದ್ದು. ಮೊದಲ ಮಹಾಯುದ್ಧದ ನಂತರ ಮಾರಿಸ್ ಎಂಜಿನ್ ಮಾಡಿಕೊಟ್ಟದ್ದು ಕವೆಂಟ್ರಿಯಲ್ಲಿದ್ದ ಫ್ರೆಂಚ್ ಮೂಲದ ಹಾಚ್‌ಕಿಸ್ ಕಂಪನಿ. ಅದರ ಯಂತ್ರಗಳು ಮಿಲಿಮೀಟರಿನವು, ಗಿರಾಕಿಯ ಪಾನಾ ಇಂಚಿನದು. ಆ ರಾಜಿ ದಶಕಗಟ್ಟಲೆ ಉಳಿಯಿತು. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ 60 ಡಿಗ್ರಿಯ ಏಕೀಕೃತ ಥ್ರೆಡ್ ಒಪ್ಪಿದವು. ಅಂಬಾಸಡರ್‌ನ ಓವರ್‌ಹೆಡ್ ವಾಲ್ವ್ ಎಂಜಿನ್ ಆ ದಾರಿಯದು. ಫಿಯೆಟ್ ಪೂರ್ತಿ ಮೆಟ್ರಿಕ್. ಗ್ಯಾರೇಜಿನಲ್ಲಿ ಮೂರು ಸೆಟ್ ಪಾನಾ ಇದ್ದದ್ದು ಸುಮ್ಮನೆ ಅಲ್ಲ. ಅಪಾಯ ಇರುವುದು ಹೊಂದದ ಬೋಲ್ಟಿನಲ್ಲಲ್ಲ, ಹೊಂದಿದಂತೆ ನಟಿಸುವುದರಲ್ಲಿ. ಅರ್ಧ ಇಂಚಿನ ವಿಟ್‌ವರ್ತ್‌ಗೆ ಇಂಚಿಗೆ 12 ಸುತ್ತು, 60 ಡಿಗ್ರಿಯ ಅಮೆರಿಕದ ಕೋರ್ಸ್ ಥ್ರೆಡ್ಡಿಗೆ 13. ಅಲ್ಲಿ ನಟ್ಟು ಬೇಗ ಸಿಕ್ಕಿಕೊಂಡು ಗುಟ್ಟು ಬಿಟ್ಟುಕೊಡುತ್ತದೆ. 3/8 ಇಂಚಿನಲ್ಲಿ ಎರಡಕ್ಕೂ 16. ನಟ್ಟು ಸರಾಗವಾಗಿ ಇಳಿಯುತ್ತದೆ, ಬಿಗಿಯೂ ಆಗುತ್ತದೆ. ಕೋನ ಬೇರೆಯಾದ್ದರಿಂದ ಹಲ್ಲು ಹಲ್ಲಿಗೆ ಪೂರ್ತಿ ತಾಗುವುದೇ ಇಲ್ಲ.

ಅಡಿಯಲ್ಲಿ ಮಲಗಿ ನೋಡುವವರು ಯಾರು ಎಂದು ಕೇಳಬಹುದು. ಐವತ್ತು ವರ್ಷ ದಾಟಿದ ವಾಹನಗಳ ನೋಂದಣಿಗೆ 2021ರಲ್ಲಿ ಬಂದ ಕೇಂದ್ರದ ನಿಯಮವೂ ಚಾಸಿ, ಬಾಡಿ, ಎಂಜಿನ್ ಮೂಲಸ್ಥಿತಿಯಲ್ಲಿರಬೇಕೆನ್ನುತ್ತದೆ, ಬೋಲ್ಟಿನ ಮಾತೆತ್ತುವುದಿಲ್ಲ. ಆದರೆ ಸಿಕ್ಕ ಬೋಲ್ಟಿಗಾಗಿ ಬ್ಲಾಕಿನ ತೂತಿಗೆ ಹೊಸ ಟ್ಯಾಪ್ ಹೊಡೆದರೆ ಎಂಜಿನ್ನಿನ ಲೋಹವೇ ಹೋಗುತ್ತದೆ. ಸ್ಟಿಯರಿಂಗು, ಬ್ರೇಕುಗಳಲ್ಲಿ ದಣಿದ ಹಳೆಯ ಬೋಲ್ಟು ಬೇಡವೆಂಬುದು ಸರಿ. ಅಲ್ಲಿ ಅದೇ ಥ್ರೆಡ್ಡಿನ ಹೊಸದು ಬರಲಿ. ಕಷ್ಟದ ಆಕ್ಷೇಪ ಬೇರೆಯಿದೆ. 1953-54ರಲ್ಲಿ ಫೋರ್ಡ್, ಜನರಲ್ ಮೋಟಾರ್ಸ್ ಭಾರತ ಬಿಟ್ಟ ಮೇಲೆ ಇಲ್ಲಿಯ ಶೆವ್ರೊಲೆಗಳು ಊರ ಲೇಥಿನಲ್ಲಿ ಕಡೆದ ಬೋಲ್ಟನ್ನೂ ನೆಚ್ಚಿಕೊಂಡು ಓಡಬೇಕಾಯಿತು. ಅಂಥದನ್ನು ಡೂಪ್ಲಿಕೇಟ್ ಎಂದು ಕಿತ್ತೊಗೆಯಬೇಕೆ? ಥ್ರೆಡ್ ಗೇಜಿಗೆ ಸರಿಹೊಂದಿದರೆ, ತಲೆಯ ಮೇಲೆ ಅರದ ಗೀರು ಇದ್ದರೂ, ಅದನ್ನು ಇದ್ದಲ್ಲೇ ಬಿಡುವುದು ಲೇಸು. ಕಂಪನಿ ಮಾಲಿನ ಹಟಕ್ಕೆ ಅದನ್ನು ಬದಲಿಸಿದರೆ ಆ ಕಾರು ಈ ನಾಡಿನಲ್ಲಿ ಓಡಿದ ವರ್ಷಗಳ ಪುರಾವೆಯೂ ಹೋಯಿತು.